ಗಿಡ ಬಾಗಿದ್ದೇಕೆ, ಕರ್ಣ ಬಾಗಲಿಲ್ಲವೇಕೆ?

ಪರೀಕ್ಷೆಗೆ ಕೂರಲಿರುವ ವಿದ್ಯಾರ್ಥಿಗಳಿಗೂ, ಅವರಿಗಿಂತ ಒಂದು ಕೈ ಹೆಚ್ಚಾಗಿಯೇ ಗಾಬರಿ ಬಿದ್ದಿರುವ ತಂದೆತಾಯಂದಿರಿಗೂ ಸೇರಿಸಿ ಈ ಮಾತು.

ವಿಜ್ಞಾನದ ಪುಸ್ತಕ ಒಂದು ಪ್ರಶ್ನೆ ಕೇಳುತ್ತದೆ: ಕಿಟಕಿಯ ಬಳಿ ಇಟ್ಟ ಗಿಡ ಬೆಳಕಿನ ಕಡೆಗೆ ಬಾಗುವುದೇಕೆ? ಕನ್ನಡ ಪುಸ್ತಕ ಇನ್ನೊಂದು ಕೇಳುತ್ತದೆ: ಕೃಷ್ಣ ಅಷ್ಟೆಲ್ಲ ಆಸೆ ತೋರಿಸಿದರೂ ಕರ್ಣ ಪಾಂಡವರ ಕಡೆಗೆ ಬಾಗಲಿಲ್ಲವೇಕೆ? ಎರಡೂ ಕಾರಣ ಕೇಳುವ ಪ್ರಶ್ನೆಗಳೇ. ಆದರೆ ಎರಡಕ್ಕೂ ಒಂದೇ ಬಗೆಯ ಕಾರಣ ಸಲ್ಲುವುದಿಲ್ಲ. ನಮ್ಮ ಮಕ್ಕಳ ಉತ್ತರಗಳಲ್ಲಿ ಆಗುವ ಎಡವಟ್ಟು ಬಹುಮಟ್ಟಿಗೆ ಇಲ್ಲಿಯದೇ. ಗಿಡಕ್ಕೆ ಇಲ್ಲದ ಆಸೆಯನ್ನು ಹಚ್ಚುತ್ತಾರೆ. ಕರ್ಣನಿಗೆ ಇರುವ ಮನಸ್ಸನ್ನು ಕಿತ್ತುಕೊಳ್ಳುತ್ತಾರೆ. ಗಿಡದ ಬಗ್ಗೆ ಬರೆಯುವಾಗ, ಅದಕ್ಕೆ ಬೆಳಕು ಬೇಕು, ಅದಕ್ಕೇ ಬಾಗಿತು ಎನ್ನುತ್ತಾರೆ. ಕರ್ಣನ ಬಗ್ಗೆ ಬರೆಯುವಾಗ, ಸ್ವಾಮಿನಿಷ್ಠೆಯಿಂದ ನಿರಾಕರಿಸಿದನು ಎಂದು ಒಂದೇ ಪದದಲ್ಲಿ ಮುಗಿಸುತ್ತಾರೆ. ಮೊದಲನೆಯದರಲ್ಲಿ ಯಂತ್ರ ಇಲ್ಲ, ಎರಡನೆಯದರಲ್ಲಿ ಮನುಷ್ಯ ಇಲ್ಲ.

ಜೀವಶಾಸ್ತ್ರದಲ್ಲಿ ಕಾರಣ ಎಂದರೆ ಯಾವ ಭಾಗ ಯಾವ ಕೆಲಸ ಮಾಡಿದ್ದರಿಂದ ಹೀಗಾಯಿತು ಎಂಬ ವಿವರ. ಸಾಹಿತ್ಯದಲ್ಲಿ ಕಾರಣ ಎಂದರೆ ಯಾರು ಏನನ್ನು ಎಣಿಸಿ ಹೀಗೆ ನಡೆದುಕೊಂಡರು, ಅದು ಪಠ್ಯದ ಯಾವ ಮಾತಿನಲ್ಲಿ ಗೊತ್ತಾಗುತ್ತದೆ ಎಂಬ ವಿವರ. ಇವೆರಡರ ಅಂತರ ತಿಳಿದವರಿಗೆ ಗೈಡುಗಳ ಹಂಗು ಅರ್ಧ ಕಳೆಯುತ್ತದೆ.

ಮೊದಲು ಗಿಡವನ್ನೇ ನೋಡೋಣ. ಚಾರ್ಲ್ಸ್ ಡಾರ್ವಿನ್ ತನ್ನ ಮಗ ಫ್ರಾನ್ಸಿಸ್ ಜೊತೆ ಸೇರಿ ಹುಲ್ಲಿನ ಮೊಳಕೆಗಳ ಮೇಲೆ ಪ್ರಯೋಗ ಮಾಡಿ 1880ರಲ್ಲಿ ಪ್ರಕಟಿಸಿದ. ಮೊಳಕೆಗೆ ಒಂದೇ ಬದಿಯಿಂದ ಬೆಳಕು ಬಿಟ್ಟರೆ ಅದು ಆ ಕಡೆಗೆ ಬಾಗುತ್ತಿತ್ತು. ತುದಿಗೆ ಬೆಳಕು ತಾಕದಂತೆ ಟೊಪ್ಪಿ ಹಾಕಿದರೆ ಬಾಗುತ್ತಿರಲಿಲ್ಲ. ತುದಿಯನ್ನು ಬಿಟ್ಟು ಕೆಳಗಿನ ಭಾಗವನ್ನಷ್ಟೇ ಮುಚ್ಚಿದರೆ ಮತ್ತೆ ಬಾಗುತ್ತಿತ್ತು. ಅಂದರೆ ಬೆಳಕನ್ನು ಗ್ರಹಿಸುವುದು ತುದಿ, ಬಾಗುವುದು ಅದರ ಕೆಳಗಿನ ಭಾಗ. ಹಾಗಾದರೆ ತುದಿಯಿಂದ ಏನೋ ಒಂದು ಕೆಳಗೆ ಇಳಿದು ಬರುತ್ತಿರಬೇಕು. ಆ ‘ಏನೋ’ ಯಾವುದು ಎಂದು ಹುಡುಕುತ್ತಾ ಹೋದವರಲ್ಲಿ ಡಚ್ ವಿಜ್ಞಾನಿ ಫ್ರಿಟ್ಸ್ ವೆಂಟ್ ಒಬ್ಬ. ಅವನು ಓಟ್ಸ್ ಮೊಳಕೆಗಳ ತುದಿ ಕತ್ತರಿಸಿ ಅಗಾರ್ ತುಂಡಿನ ಮೇಲೆ ಇಟ್ಟ. ತುದಿಯಲ್ಲಿದ್ದ ವಸ್ತು ಅಗಾರಿಗೆ ಇಳಿಯಿತು. ಆಮೇಲೆ ಆ ಅಗಾರ್ ತುಂಡನ್ನು ತುದಿ ಕತ್ತರಿಸಿದ ಇನ್ನೊಂದು ಮೊಳಕೆಯ ಒಂದು ಬದಿಗೆ ಮಾತ್ರ ಇಟ್ಟ. ಕತ್ತಲಲ್ಲೇ ಆ ಮೊಳಕೆ ಬಾಗಿತು. ಬೆಳಕೇ ಇಲ್ಲ, ಆದರೂ ಬಾಗಿತು! ಆ ವಸ್ತುವೇ ಇಂದು ನಿಮ್ಮ ಪುಸ್ತಕದಲ್ಲಿರುವ ಆಕ್ಸಿನ್.

ಈ ಕತೆ ಗೊತ್ತಿದ್ದರೆ ‘ಗಿಡಕ್ಕೆ ಬೆಳಕು ಬೇಕಾಗಿತ್ತು’ ಎಂಬ ಉತ್ತರ ಏಕೆ ಸಾಲದು ಎಂಬುದು ತಾನಾಗಿ ಹೊಳೆಯುತ್ತದೆ. ಕತ್ತಲಲ್ಲಿ ಬಾಗಿದ ಆ ಮೊಳಕೆಗೆ ಯಾವ ಬೆಳಕು ಬೇಕಾಗಿತ್ತು? ಆದ್ದರಿಂದ ಉತ್ತರವನ್ನು ಹೀಗೆ ಬರೆಯಿರಿ: ಆಕ್ಸಿನ್ ಕಾಂಡದ ತುದಿಯಲ್ಲಿ ತಯಾರಾಗುತ್ತದೆ. ಒಂದು ಬದಿಯಿಂದ ಬೆಳಕು ಬಿದ್ದಾಗ ಅದು ನೆರಳಿರುವ ಬದಿಯಲ್ಲಿ ಹೆಚ್ಚು ಸೇರುತ್ತದೆ. ಆ ಬದಿಯ ಜೀವಕೋಶಗಳು ಹೆಚ್ಚು ಉದ್ದವಾಗಿ ಬೆಳೆಯುತ್ತವೆ. ಒಂದು ಪಕ್ಕ ಉದ್ದವಾಗಿ ಇನ್ನೊಂದು ಪಕ್ಕ ಅಷ್ಟು ಬೆಳೆಯದೆ ಉಳಿದಾಗ ಕಾಂಡ ಬೆಳಕಿನ ಕಡೆಗೆ ಬಾಗುತ್ತದೆ. ಇದೇ ದ್ಯುತಿ ಅನುವರ್ತನೆ. ಆಯಿತು, ಉತ್ತರ ಮುಗಿಯಿತು. ಒಂದೊಂದು ವಾಕ್ಯವೂ ಒಂದೊಂದು ಹೆಜ್ಜೆ. ಹೆಸರು ಕೊನೆಗೆ ಬಂದಿದೆ ನೋಡಿ. ಮೊದಲೇ ‘ದ್ಯುತಿ ಅನುವರ್ತನೆಯಿಂದ ಬಾಗುತ್ತದೆ’ ಎಂದು ಬರೆದುಬಿಟ್ಟರೆ ಪ್ರಶ್ನೆಗೆ ಹೆಸರಿಟ್ಟಂತಾಯಿತೇ ಹೊರತು ಉತ್ತರ ಹೇಳಿದಂತಾಗಲಿಲ್ಲ.

ಇದೇ ಜಾತಿಯ ಇನ್ನೊಂದು ಎಡವಟ್ಟು ಜೀವವಿಕಾಸದ ಪಾಠದಲ್ಲಿ ಕಾದು ಕೂತಿರುತ್ತದೆ. ಎತ್ತರದ ಎಲೆ ತಿನ್ನಬೇಕೆಂದು ಜಿರಾಫೆ ಕತ್ತು ಚಾಚಿ ಚಾಚಿ ಅದು ಉದ್ದವಾಯಿತು, ಆ ಉದ್ದ ಮರಿಗಳಿಗೂ ಬಂತು ಎಂದು ಎಷ್ಟೋ ಮಂದಿ ಬರೆಯುತ್ತಾರೆ. ಬಳಸಿದ ಅಂಗ ಬೆಳೆಯುತ್ತದೆ, ಹಾಗೆ ಗಳಿಸಿದ್ದು ಸಂತಾನಕ್ಕೆ ಇಳಿಯುತ್ತದೆ ಎಂಬುದು 1809ರಲ್ಲಿ ಲಮಾರ್ಕ್ ಮುಂದಿಟ್ಟ ವಾದ. 1859ರಲ್ಲಿ ಬಂದ ಡಾರ್ವಿನನ ಪುಸ್ತಕ ತೋರಿಸಿದ ದಾರಿ ಬೇರೆ: ಒಂದೇ ಜಾತಿಯ ಪ್ರಾಣಿಗಳಲ್ಲಿ ಹುಟ್ಟಿನಿಂದಲೇ ಸಣ್ಣಪುಟ್ಟ ವ್ಯತ್ಯಾಸಗಳಿರುತ್ತವೆ, ಇರುವ ಪರಿಸರಕ್ಕೆ ಒಗ್ಗುವ ವ್ಯತ್ಯಾಸ ಇದ್ದವು ಹೆಚ್ಚಾಗಿ ಬದುಕಿ ಹೆಚ್ಚು ಮರಿ ಹಾಕುತ್ತವೆ, ತಲೆಮಾರುಗಳು ಕಳೆದಂತೆ ಆ ಗುಣ ಹರಡುತ್ತದೆ. ಇಲ್ಲಿ ಯಾವ ಜಿರಾಫೆಯೂ ಏನನ್ನೂ ಬಯಸಬೇಕಾಗಿಲ್ಲ. ‘ಬಯಸಿತು’, ‘ಬೇಕೆಂದು ಮಾಡಿಕೊಂಡಿತು’ ಎಂಬ ಮಾತು ಜೀವಶಾಸ್ತ್ರದ ಉತ್ತರದಲ್ಲಿ ಬಂದರೆ ಅಲ್ಲಿ ಪೆನ್ನು ನಿಲ್ಲಿಸಿ ಇನ್ನೊಮ್ಮೆ ಯೋಚಿಸಿ.

ಭಾಗ ಮತ್ತು ಕೆಲಸದ ಸಂಬಂಧ ಎದ್ದು ಕಾಣುವುದು ಹೃದಯದ ಪಾಠದಲ್ಲಿ. ಎಡ ಹೃತ್ಕುಕ್ಷಿಯ ಗೋಡೆ ಬಲ ಹೃತ್ಕುಕ್ಷಿಯ ಗೋಡೆಗಿಂತ ದಪ್ಪ, ಕಾರಣ ಕೊಡಿ ಎಂದು ಕೇಳುತ್ತಾರೆ. ಬಲ ಹೃತ್ಕುಕ್ಷಿ ರಕ್ತವನ್ನು ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ತಳ್ಳಿದರೆ ಸಾಕು. ಎಡ ಹೃತ್ಕುಕ್ಷಿ ನೆತ್ತಿಯಿಂದ ಉಂಗುಷ್ಠದವರೆಗೆ ಇಡೀ ದೇಹಕ್ಕೆ ತಳ್ಳಬೇಕು. ಆರೋಗ್ಯವಂತರಲ್ಲಿ ಎಡ ಹೃತ್ಕುಕ್ಷಿ ಸಂಕುಚಿಸಿದಾಗ ಒತ್ತಡ ಪಾದರಸದ ಸುಮಾರು 120 ಮಿಲಿಮೀಟರ್ ಮಟ್ಟಕ್ಕೆ ಏರುತ್ತದೆ. ಬಲಗಡೆ ಅದು ಸುಮಾರು 25 ಮಾತ್ರ. ಹೆಚ್ಚು ಒತ್ತಡಕ್ಕೆ ಹೆಚ್ಚು ಸ್ನಾಯು, ಹೆಚ್ಚು ಸ್ನಾಯುವಿಗೆ ದಪ್ಪ ಗೋಡೆ. ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ ಸುಮಾರು 72 ಬಡಿತ. ಗುಣಿಸಿದರೆ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ. ಎರಡೂ ಹೃತ್ಕುಕ್ಷಿಗಳು ಇಷ್ಟೇ ರಕ್ತವನ್ನು ತಳ್ಳಿದರೂ ಒತ್ತಡ ಬೇರೆ ಎಂಬುದನ್ನು ಒಮ್ಮೆ ಗಮನಿಸಿದವರಿಗೆ ದಪ್ಪ ಗೋಡೆಯ ಕಾರಣ ಬಾಯಿಪಾಠ ಮಾಡುವ ಗೊಡವೆ ಇಲ್ಲ.

ಹೃದಯದ ನೀಳಸೀಳಿಕೆಯ ಚಿತ್ರದಲ್ಲಿ ಅಂಕ ಹೋಗುವುದು ಚಿತ್ರ ಅಂದವಾಗಿಲ್ಲ ಎಂದಲ್ಲ, ಎಡ ಬಲ ಅದಲುಬದಲಾಗುವುದರಿಂದ. ಎದುರು ನಿಂತವರ ಬಲಗೈ ನಿಮ್ಮ ಎಡಕ್ಕೆ ಕಾಣುವ ಹಾಗೆ, ಪುಟದ ಎಡಬದಿಯಲ್ಲಿರುವುದು ಹೃದಯದ ಬಲಭಾಗ. ಚಿತ್ರ ಶುರುಮಾಡುವ ಮೊದಲು ಪುಟದ ಮೇಲೆ ತೆಳ್ಳಗೆ ‘ಬಲ’, ‘ಎಡ’ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡು, ಮುಗಿದ ಮೇಲೆ ಅಳಿಸಿದರೆ ಈ ತಾಪತ್ರಯ ಇರುವುದಿಲ್ಲ. ಎಡ ಹೃತ್ಕುಕ್ಷಿಯ ಗೋಡೆಯನ್ನು ದಪ್ಪಗೆ ಬರೆಯಿರಿ. ಭಾಗಗಳ ಗೆರೆಗಳು ಒಂದನ್ನೊಂದು ದಾಟಬಾರದು, ಗೆರೆಯ ತುದಿ ಆ ಭಾಗವನ್ನು ಮುಟ್ಟಬೇಕು. ಬಣ್ಣ, ನೆರಳು, ಅಲಂಕಾರ ಯಾವುದೂ ಬೇಕಿಲ್ಲ.

ವ್ಯತ್ಯಾಸ ಬರೆಯಿರಿ ಎಂಬ ಪ್ರಶ್ನೆಗೆ ಅಪಧಮನಿಯ ಬಗ್ಗೆ ನಾಲ್ಕು ಸಾಲು, ಅಭಿಧಮನಿಯ ಬಗ್ಗೆ ನಾಲ್ಕು ಸಾಲು ಬೇರೆಬೇರೆ ಬರೆದರೆ ವ್ಯತ್ಯಾಸ ಕಾಣುವುದಿಲ್ಲ. ಗೋಡೆಯ ಎದುರಿಗೆ ಗೋಡೆ, ಒತ್ತಡದ ಎದುರಿಗೆ ಒತ್ತಡ, ಕವಾಟದ ಎದುರಿಗೆ ಕವಾಟ, ಹರಿಯುವ ದಿಕ್ಕಿನ ಎದುರಿಗೆ ದಿಕ್ಕು, ಹೀಗೆ ಜೋಡಿಸಬೇಕು. ಅಪಧಮನಿ ಆಮ್ಲಜನಕ ತುಂಬಿದ ರಕ್ತವನ್ನೇ ಒಯ್ಯುತ್ತದೆ ಎಂದು ಕಣ್ಣು ಮುಚ್ಚಿಕೊಂಡು ಬರೆಯಬೇಡಿ. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ಪುಪ್ಪುಸ ಅಪಧಮನಿಯಲ್ಲಿರುವುದು ಆಮ್ಲಜನಕ ಕಡಿಮೆಯಾದ ರಕ್ತ. ಹೃದಯದಿಂದ ಹೊರಕ್ಕೆ ಒಯ್ಯುವುದು ಅಪಧಮನಿ, ಹೃದಯಕ್ಕೆ ತರುವುದು ಅಭಿಧಮನಿ ಎಂದರೆ ಈ ಅಪವಾದ ಅಡ್ಡ ಬರುವುದಿಲ್ಲ.

ಪ್ರಯೋಗದ ಪ್ರಶ್ನೆಗಳಲ್ಲೂ ಕಾರಣ ಕೇಳುತ್ತಾರೆ. ಎಲೆಯಲ್ಲಿ ಪಿಷ್ಟ ಇದೆಯೇ ಎಂದು ನೋಡುವ ಪ್ರಯೋಗವನ್ನು ನೆನಪಿಸಿಕೊಳ್ಳಿ. ಹಸಿರು ಬಿಳಿ ಬೆರೆತ ಎಲೆಗಳ ಕ್ರೋಟನ್ ಗಿಡವನ್ನು ಮೂರು ದಿನ ಕತ್ತಲೆ ಕೋಣೆಯಲ್ಲಿ ಇಡುತ್ತಾರೆ. ಏಕೆ? ಎಲೆಯಲ್ಲಿ ಮೊದಲೇ ಇರುವ ಪಿಷ್ಟ ಖಾಲಿಯಾಗಲಿ ಎಂದು; ಇಲ್ಲದಿದ್ದರೆ ಆಮೇಲೆ ಕಾಣುವ ಪಿಷ್ಟ ಹಳೆಯದೋ ಹೊಸದೋ ತಿಳಿಯುವುದಿಲ್ಲ. ಬಿಸಿಲಿಗಿಟ್ಟ ಮೇಲೆ ಎಲೆ ಕಿತ್ತು, ನೀರಿನಲ್ಲಿ ಕುದಿಸಿ, ಆಲ್ಕೋಹಾಲ್‌ನಲ್ಲಿ ಕಾಯಿಸುತ್ತಾರೆ. ಏಕೆ? ಪತ್ರಹರಿತ್ತು ಕರಗಿ ಹೋಗಲಿ, ಅಯೋಡಿನ್ ಹಾಕಿದಾಗ ಬಣ್ಣ ಕಾಣಲಿ ಎಂದು. ಆಲ್ಕೋಹಾಲನ್ನು ನೇರ ಉರಿಯ ಮೇಲೆ ಇಡದೆ ಬಿಸಿನೀರಿನ ಪಾತ್ರೆಯೊಳಗಿಟ್ಟು ಕಾಯಿಸುವುದೇಕೆ? ಅದು ಸುಮಾರು 78 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ, ಅದರ ಆವಿಗೆ ಬೆಂಕಿ ಹತ್ತಿಕೊಳ್ಳುತ್ತದೆ. ಕೊನೆಗೆ ಹಸಿರಿದ್ದ ಜಾಗ ಮಾತ್ರ ನೀಲಿ ಕಪ್ಪಾಗುತ್ತದೆ, ಬಿಳಿಯಿದ್ದ ಜಾಗ ಆಗುವುದಿಲ್ಲ. ಇಲ್ಲಿ ‘ಬೇಕೆಂದು’ ಮಾಡುವುದು ಎಲೆಯಲ್ಲ, ಪ್ರಯೋಗ ಮಾಡುವವರು. ಆದ್ದರಿಂದ ಇಲ್ಲಿ ಉದ್ದೇಶ ಬರೆಯಬಹುದು, ಬರೆಯಲೇಬೇಕು. ಯಾರ ಕೆಲಸಕ್ಕೆ ಕಾರಣ ಕೇಳಿದ್ದಾರೆ ಎಂದು ಗಮನಿಸುವುದೇ ಮುಖ್ಯ.

ಅಂಕಿಗಳ ಬಗ್ಗೆ ಒಂದು ಮಾತು. ಮೆಂಡೆಲ್‌ನ ಬಟಾಣಿ ಗಿಡಗಳ ಪಾಠದಲ್ಲಿ 3:1 ಎಂಬ ಅನುಪಾತ ಎಲ್ಲರ ಬಾಯಲ್ಲೂ ಇದೆ. ಅದರಿಂದ ನಾಲ್ಕು ಗಿಡ ಬೆಳೆದರೆ ಮೂರು ಎತ್ತರ, ಒಂದು ಗಿಡ್ಡ ಆಗಲೇಬೇಕು ಎಂದು ತಿಳಿದುಬಿಡುತ್ತಾರೆ. ಮೆಂಡೆಲ್ 1866ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿ: ಎರಡನೆಯ ಪೀಳಿಗೆಯಲ್ಲಿ 787 ಎತ್ತರದ ಗಿಡ, 277 ಗಿಡ್ಡ ಗಿಡ. ಭಾಗಿಸಿದರೆ 2.84. ಬೀಜದ ಬಣ್ಣದಲ್ಲಿ 6022 ಹಳದಿ, 2001 ಹಸಿರು, ಇದು 3.01. ಯಾವುದೂ ಕಡ್ಡಿ ಮುರಿದ ಹಾಗೆ ಮೂರಲ್ಲ, ಎಲ್ಲವೂ ಮೂರರ ಸುತ್ತಮುತ್ತ. ಸಂಖ್ಯೆ ಹೆಚ್ಚಿದಷ್ಟೂ ಸಾಮಾನ್ಯವಾಗಿ ಮೂರಕ್ಕೆ ಹತ್ತಿರ. ಉತ್ತರದಲ್ಲಿ ‘ಸರಾಸರಿ’ ಅಥವಾ ‘ಸುಮಾರು’ ಎಂಬ ಪದ ಎಲ್ಲಿ ಬೇಕು ಎಂದು ತಿಳಿದ ವಿದ್ಯಾರ್ಥಿ ಪಾಠ ತಿಳಿದವನೇ.

ಈಗ ಕನ್ನಡ ಪತ್ರಿಕೆಗೆ ಬರೋಣ. ಸಂದರ್ಭದೊಂದಿಗೆ ಸ್ವಾರಸ್ಯ ವಿವರಿಸಿ ಎಂಬ ಪ್ರಶ್ನೆ ನಮ್ಮ ಪರೀಕ್ಷೆಗಳ ಹಳೆಯ ನಂಟ. ಆಯ್ಕೆ, ಸಂದರ್ಭ, ಸ್ವಾರಸ್ಯ ಎಂದು ಮೂರು ತುಂಡು ಮಾಡಿ ಬರೆಯುವುದು ವಾಡಿಕೆ. ಆಯ್ಕೆಯಲ್ಲಿ ಕೃತಿ, ಕವಿ, ಪಾಠದ ಹೆಸರು. ಸಂದರ್ಭದಲ್ಲಿ ಯಾರು, ಯಾರಿಗೆ, ಯಾವಾಗ ಹೇಳಿದರು. ಇವೆರಡನ್ನೂ ಎಲ್ಲರೂ ಹೇಗೋ ದಾಟುತ್ತಾರೆ. ಸ್ವಾರಸ್ಯಕ್ಕೆ ಬಂದಾಗ ಮಾತ್ರ ‘ಈ ಮಾತು ಬಹಳ ಸ್ವಾರಸ್ಯಪೂರ್ಣವಾಗಿ ಮೂಡಿಬಂದಿದೆ’ ಎಂದು ಬರೆದು ಗೆರೆ ಎಳೆಯುತ್ತಾರೆ. ಸ್ವಾರಸ್ಯ ಯಾವುದು ಎಂದು ಕೇಳಿದರೆ ಸ್ವಾರಸ್ಯ ಇದೆ ಎಂದು ಹೇಳಿದ ಹಾಗಾಯಿತು! ಎಲೆಯಲ್ಲಿ ಪಿಷ್ಟ ಇದೆಯೇ ಎಂದು ಅಯೋಡಿನ್ ಹಾಕಿ ತೋರಿಸಿದಿರಲ್ಲ, ಇಲ್ಲಿಯೂ ತೋರಿಸಬೇಕು.

ಹೇಗೆ ತೋರಿಸುವುದು? ಹದಿನೈದನೆಯ ಶತಮಾನದ ಕುಮಾರವ್ಯಾಸನ ಕರ್ಣಾಟ ಭಾರತ ಕಥಾಮಂಜರಿಯ ಉದ್ಯೋಗಪರ್ವದಲ್ಲಿ ಕೃಷ್ಣ ಕರ್ಣನ ಜನ್ಮರಹಸ್ಯ ಬಿಚ್ಚುವ ಸಂದರ್ಭವನ್ನೇ ತೆಗೆದುಕೊಳ್ಳಿ. ಹತ್ತನೆಯ ತರಗತಿಯಲ್ಲಿ ಓದಿದವರಿಗೆ ಇದು ಚಿರಪರಿಚಿತ. ಸಂಧಾನ ಮುರಿದುಬಿದ್ದಿದೆ, ಯುದ್ಧ ಗ್ಯಾರಂಟಿ. ಕೃಷ್ಣ ಕರ್ಣನನ್ನು ರಥಕ್ಕೆ ಕರೆಯುತ್ತಾನೆ. ಈ ಭಾಗವನ್ನು ನಿಧಾನವಾಗಿ ಓದಿ. ಕೃಷ್ಣ ಮಾತಿಗೆ ಶುರುಮಾಡುವುದು ರಹಸ್ಯದಿಂದಲ್ಲ. ಮೈದುನನ ಜೊತೆ ಆಡುವ ಸಲುಗೆಯಲ್ಲಿ ಕರ್ಣನನ್ನು ಎಳೆದು ತನ್ನ ಪೀಠದಲ್ಲೇ ಕೂರಿಸಿಕೊಳ್ಳುತ್ತಾನೆ. ಕರ್ಣ ಮುದುಡುತ್ತಾನೆ, ನಿಮಗೆ ಸಮನಾಗಿ ಕೂರಲು ನನಗೆ ಅಂಜಿಕೆ ಎನ್ನುತ್ತಾನೆ. ಆಗ ಕೃಷ್ಣ ದೂರ ಸರಿಯುವುದಿಲ್ಲ. ತೊಡೆಗೆ ತೊಡೆ ಸೋಕುವಷ್ಟು ಹತ್ತಿರ ಸರಿದು ಮಾತು ತೆಗೆಯುತ್ತಾನೆ.

ಇಲ್ಲಿ ನಡೆದದ್ದೇನು? ಕುಂತಿ ವಸುದೇವನ ಸೋದರಿ, ಕೃಷ್ಣನಿಗೆ ಸೋದರತ್ತೆ. ಕರ್ಣ ಅವಳ ಮಗ ಎಂದಾದರೆ ಕೃಷ್ಣನಿಗೆ ಅತ್ತೆಯ ಮಗ, ಭಾವಮೈದುನರ ಸಲುಗೆಯ ನಂಟು. ಆ ಸಂಬಂಧವನ್ನು ಬಾಯಿಬಿಟ್ಟು ಹೇಳುವ ಮೊದಲೇ ಕೃಷ್ಣ ಅದನ್ನು ನಡೆದು ತೋರಿಸಿಬಿಟ್ಟಿದ್ದಾನೆ. ಕರ್ಣನಿಗೆ ಅದು ಇನ್ನೂ ಗೊತ್ತಿಲ್ಲ, ಆದ್ದರಿಂದ ಅಂಜುತ್ತಾನೆ. ಸೂತನ ಮಗ ಎಂದು ಜೀವಮಾನವಿಡೀ ಹಂಗಿಸಿಕೊಂಡವನಿಗೆ ಸಮಾನ ಪೀಠ ಸಿಕ್ಕಿದಾಗ ಆಗುವ ಮುಜುಗರ ಅದು. ಕೃಷ್ಣನ ರಾಜತಂತ್ರವನ್ನು ವಿವರಿಸಿ ಎಂದು ಕೇಳಿದರೆ ಬರೆಯಬೇಕಾದ್ದು ಇದನ್ನು. ಕೃಷ್ಣ ಚತುರನಾಗಿದ್ದನು ಎಂಬುದು ಉತ್ತರದ ಆರಂಭ ಇರಬಹುದು; ಪೀಠ, ಸಲುಗೆ, ತೊಡೆ ಸೋಕುವ ಸಾಮೀಪ್ಯ, ಇವು ಅದಕ್ಕೆ ಆಧಾರ. ಇವಿಲ್ಲದೆ ಆ ವಾಕ್ಯ ಬರಿ ಬಾಯಿಮಾತು.

ಮುಂದೆ ಕೃಷ್ಣ, ನೀನು ಕುಂತಿಯ ಮಗ ಎಂದು ತಿಳಿಸಿ, ಆಸೆಯ ಚಿತ್ರವೊಂದನ್ನು ಬಿಡಿಸುತ್ತಾನೆ: ಎಡಗಡೆ ಕೌರವರ ಗುಂಪು, ಬಲಗಡೆ ಪಾಂಡವರ ಗುಂಪು, ಎದುರಿಗೆ ಬೇರೆ ಬೇರೆ ನಾಡಿನ ಅರಸರು, ನಡುವಿನ ಓಲಗದಲ್ಲಿ ನೀನು. ಇಂಥ ವೈಭವ ಬಿಟ್ಟು ದುರ್ಯೋಧನ ಕರೆದಾಗ ಕೈಕಟ್ಟಿ ನಿಲ್ಲುವುದೇ ಎಂದು ಕೆಣಕುತ್ತಾನೆ. ಇದಕ್ಕೆ ಕರ್ಣನ ಮೊದಲ ಪ್ರತಿಕ್ರಿಯೆ ಮಾತಲ್ಲ. ಅವನ ಕೊರಳ ಸೆರೆ ಉಬ್ಬುತ್ತದೆ, ಕಣ್ಣೀರು ನುಗ್ಗಿ ಬರುತ್ತದೆ, ಅಯ್ಯೋ ದುರ್ಯೋಧನನಿಗೆ ಕೇಡು ಬಂತಲ್ಲ ಎಂದು ಮನಸ್ಸಿನಲ್ಲೇ ನೋಯುತ್ತಾನೆ.

ಈ ಜಾಗದಲ್ಲಿ ಎರಡು ಪುಸ್ತಕಗಳನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂರಬಹುದು. ಜೀವಶಾಸ್ತ್ರದ ಪ್ರಶ್ನೆ: ಕೊರಳ ಸೆರೆ ಉಬ್ಬಿದ್ದು, ಕಣ್ಣೀರು ಬಂದದ್ದು ಹೇಗೆ? ಉಬ್ಬುವುದು ನರವ್ಯೂಹದ ನರವಲ್ಲ, ಕೊರಳಿನ ಅಭಿಧಮನಿ. ಅಳು ತಡೆದು ಉಸಿರು ಬಿಗಿ ಹಿಡಿದಾಗ ಎದೆಗೂಡಿನ ಒತ್ತಡ ಏರುತ್ತದೆ, ತಲೆಯಿಂದ ಹೃದಯಕ್ಕೆ ಮರಳುವ ರಕ್ತಕ್ಕೆ ತಡೆಯಾಗುತ್ತದೆ, ಅಭಿಧಮನಿಯ ತೆಳು ಗೋಡೆ ಹಿಗ್ಗುತ್ತದೆ. ಭಾವ ಉಕ್ಕಿದಾಗ ಮಿದುಳಿನಿಂದ ಹೊರಟ ನರಸಂದೇಶ ಕಣ್ಣುಗುಳಿಯ ಮೇಲ್ಬದಿಯಲ್ಲಿ, ಹೊರ ಅಂಚಿಗಿರುವ ಕಣ್ಣೀರ ಗ್ರಂಥಿಯನ್ನು ಪ್ರಚೋದಿಸುತ್ತದೆ. ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿ ಅಡ್ರಿನಲಿನ್ ಸ್ರವಿಸಿ ಹೃದಯದ ಬಡಿತ ಏರಿಸುತ್ತದೆ. ಇದು ಸಂಪೂರ್ಣ ಉತ್ತರ, ಆದರೆ ಈರುಳ್ಳಿ ಹೆಚ್ಚುವವರ ಕಣ್ಣೀರೂ ಇದೇ ಗ್ರಂಥಿಯಿಂದ ಬರುತ್ತದೆ.

ಸಾಹಿತ್ಯದ ಪ್ರಶ್ನೆ ಬೇರೆ: ಕಣ್ಣೀರು ಯಾರಿಗಾಗಿ? ತಾಯಿ ಸಿಕ್ಕಳು ಎಂದು ಅಲ್ಲ, ರಾಜ್ಯ ಸಿಗುತ್ತದೆ ಎಂದೂ ಅಲ್ಲ. ದುರ್ಯೋಧನನಿಗೆ ಕೇಡಾಯಿತು ಎಂದು. ಏಕೆ ಕೇಡು? ಈವರೆಗೆ ಕರ್ಣ ಪಾಂಡವರನ್ನು ಹಗೆಗಳೆಂದೇ ತಿಳಿದು ಬಾಣ ಹೂಡಬಲ್ಲವನಾಗಿದ್ದ. ಈಗ ಅವರು ತಮ್ಮಂದಿರು ಎಂದು ಗೊತ್ತಾಯಿತು. ಇನ್ನು ಬಾಣ ಹೂಡುವ ಕೈ ಮೊದಲಿನ ಕೈಯಲ್ಲ. ದುರ್ಯೋಧನ ನಂಬಿದ್ದು ಆ ಕೈಯನ್ನು. ಸತ್ಯವನ್ನು ಹೇಳಿಯೇ ಕೃಷ್ಣ ಒಬ್ಬ ಯೋಧನನ್ನು ಒಳಗಿನಿಂದ ಮುರಿದ. ಅದು ಕರ್ಣನಿಗೂ ಆ ಕ್ಷಣವೇ ತಿಳಿದುಹೋಯಿತು. ಆದರೂ ಅವನು ಪಕ್ಷ ಬಿಡುವುದಿಲ್ಲ. ಸ್ವಾಮಿನಿಷ್ಠೆ ಎಂಬ ಪದವನ್ನು ಈಗ ಬರೆಯಿರಿ, ಧಾರಾಳವಾಗಿ ಬರೆಯಿರಿ. ಈಗ ಅದಕ್ಕೆ ತೂಕ ಬಂದಿದೆ, ಏಕೆಂದರೆ ಅದರ ಹಿಂದೆ ಕೊರಳು, ಕಣ್ಣೀರು, ಮನಸ್ಸಿನೊಳಗಿನ ಮಾತು ಎಲ್ಲ ಇವೆ. ಗಿಡದ ಉತ್ತರದಲ್ಲಿಯೂ ಹೆಸರು ಕೊನೆಗೇ ಬಂದಿತ್ತು, ಅಲ್ಲವೇ?

ಒಂದರ ಕಾರಣವನ್ನು ಇನ್ನೊಂದಕ್ಕೆ ತಂದರೆ ಏನಾಗುತ್ತದೆ ಎಂಬುದಕ್ಕೆ ಪುಣ್ಯಕೋಟಿಯ ಕತೆ ಒಳ್ಳೆಯ ಉದಾಹರಣೆ. ಹಸಿದ ಹುಲಿ ಹಸುವನ್ನು ತಿನ್ನದೆ ತಾನೇ ಪ್ರಾಣ ಬಿಟ್ಟದ್ದೇಕೆ ಎಂದು ಕೇಳಿದಾಗ ಚೂಟಿಯ ಮಗುವೊಂದು, ಹುಲಿ ಶುದ್ಧ ಮಾಂಸಾಹಾರಿ, ಅದು ಹಾಗೆ ಮಾಡುವುದು ಸಾಧ್ಯವೇ ಇಲ್ಲ ಎನ್ನಬಹುದು. ಕಾಡಿನ ಹುಲಿಯ ಬಗ್ಗೆ ಆ ಮಾತು ನೂರಕ್ಕೆ ನೂರು ಸರಿ. ಮಾಂಸ ಕತ್ತರಿಸುವ ಹಲ್ಲು, ಚಿಕ್ಕ ಕರುಳು, ಆಹಾರ ಸರಪಳಿಯ ತುದಿಯ ಜಾಗ ಎಲ್ಲವೂ ಅದನ್ನೇ ಹೇಳುತ್ತವೆ. ಆದರೆ ಹಾಡಿನ ಹುಲಿ ಮಾತು ಕೊಡುವುದನ್ನೂ ಮಾತಿಗೆ ಕಾಯುವುದನ್ನೂ ಬಲ್ಲದ್ದು. ಕೊಟ್ಟ ಮಾತಿಗೆ ಕರುವನ್ನು ಬಿಟ್ಟು ಬಂದ ತಾಯಿಯ ಮುಂದೆ ಅದು ನಾಚಿತು ಎಂಬುದೇ ಅಲ್ಲಿಯ ಕಾರಣ. ಹಾಗೆಯೇ ಆಹಾರ ಸರಪಳಿಯ ಉತ್ತರದಲ್ಲಿ ಹುಲಿ ಕ್ರೂರ, ಜಿಂಕೆ ಪಾಪ ಎಂದು ಬರೆದರೆ ಅದೂ ತಪ್ಪು ಮನೆಗೆ ಹೋದ ಕಾರಣವೇ. ಕಾಡಿನಲ್ಲಿ ಹುಲಿ ಇಲ್ಲದಾದರೆ ಜಿಂಕೆ ಹೆಚ್ಚಿ ಹುಲ್ಲು ಚಿಗುರು ಬರಿದಾಗುತ್ತದೆ. ಅಲ್ಲಿ ಬೇಕಾದ್ದು ಈ ಲೆಕ್ಕ.

ಲೆಕ್ಕ ಎಂದಾಗ ನೆನಪಾಯಿತು, ಕನ್ನಡ ಪತ್ರಿಕೆಯಲ್ಲಿಯೂ ಒಂದು ಪ್ರಯೋಗಶಾಲೆ ಇದೆ. ಅದು ಛಂದಸ್ಸು. ಕುಮಾರವ್ಯಾಸನ ಭಾಮಿನಿ ಷಟ್ಪದಿಯಲ್ಲಿ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು ನಾಲ್ಕು, ಮೂರು ನಾಲ್ಕು ಮಾತ್ರೆಯ ಗಣಗಳು. ಒಟ್ಟು 14 ಮಾತ್ರೆ. ಮೂರನೆಯ ಮತ್ತು ಆರನೆಯ ಸಾಲುಗಳಲ್ಲಿ ಅದೇ ಜೋಡಿ ಮೂರು ಸಲ ಬಂದು ಕೊನೆಗೆ ಒಂದು ಗುರು, ಒಟ್ಟು 23. ಆರು ಸಾಲು ಸೇರಿದರೆ 102. ಪ್ರಸ್ತಾರ ಹಾಕಿದಾಗ ಈ ಸಂಖ್ಯೆ ಬರದಿದ್ದರೆ ಎಲ್ಲೋ ಲಘುವನ್ನು ಗುರು, ಇಲ್ಲವೇ ಗುರುವನ್ನು ಲಘು ಮಾಡಿದ್ದೀರಿ. ಹೆಚ್ಚಾಗಿ ಒತ್ತಕ್ಷರದ ಹಿಂದಿನ ಅಕ್ಷರದಲ್ಲಿ ತಪ್ಪಿರುತ್ತೀರಿ. ಹೋಗಿ ಹುಡುಕಿ. ಕವಿತೆಗೆ ಹೆದರುವ ವಿಜ್ಞಾನದ ಮಕ್ಕಳು ಇಲ್ಲಿಂದ ಒಳಗೆ ಬರಲಿ. ಪೂರ್ತಿ ಅಂಕ ಕೈಯಲ್ಲಿರುವ ಜಾಗ ಇದು. ಅಲಂಕಾರದ ಪ್ರಶ್ನೆಯೂ ಹಾಗೆಯೇ. ಉಪಮಾಲಂಕಾರ ಎಂದು ಹೆಸರಿಟ್ಟರೆ ಮುಗಿಯಲಿಲ್ಲ. ಉಪಮೇಯ, ಉಪಮಾನ, ಉಪಮಾವಾಚಕ, ಸಮಾನಧರ್ಮ ಎಂದು ಬಿಡಿಸಿ ಸಮನ್ವಯ ಮಾಡಬೇಕು. ಹೃದಯದ ಚಿತ್ರದಲ್ಲಿ ಭಾಗಗಳನ್ನು ಗುರುತಿಸಿದಂತೆಯೇ ಇದು.

ಇನ್ನು ಪರೀಕ್ಷೆಯ ಕೊಠಡಿಯ ಮಾತು. ಎಸ್ಸೆಸ್ಸೆಲ್ಸಿಯಲ್ಲಿ ಪ್ರಶ್ನೆಪತ್ರಿಕೆ ಓದಿಕೊಳ್ಳಲೆಂದೇ 15 ನಿಮಿಷ ಕೊಡುತ್ತಾರೆ. ಆ ಹೊತ್ತಿನಲ್ಲಿ ಉತ್ತರ ಗೊತ್ತೋ ಇಲ್ಲವೋ ಎಂದು ಎಣಿಸುತ್ತಾ ಕೂರಬೇಡಿ. ಪ್ರತಿ ಪ್ರಶ್ನೆಯ ಕೊನೆಯ ಪದ ನೋಡಿ. ಹೆಸರಿಸಿ ಎಂದಿದ್ದರೆ ಹೆಸರು ಸಾಕು, ಕತೆ ಬೇಡ. ಕಾರಣ ಕೊಡಿ ಎಂದರೆ ಹೆಜ್ಜೆಗಳು ಬೇಕು. ವಿವರಿಸಿ ಎಂದರೆ ಆಧಾರ ಬೇಕು. ಚಿತ್ರ ಬರೆಯಿರಿ ಎಂದಿದ್ದರೆ ಅದರ ಕೆಳಗೆ ಒಂದು ಪುಟ ವಿವರಣೆ ಬರೆದರೂ ಅದಕ್ಕೆ ಅಂಕವಿಲ್ಲ, ಹೊತ್ತು ಮಾತ್ರ ದಂಡ. ಎರಡು ಅಂಕದ ಪ್ರಶ್ನೆಗೆ ಎರಡು ಬೇರೆ ಬೇರೆ ಅಂಶ. ಒಂದೇ ಅಂಶವನ್ನು ಎರಡು ಬಗೆಯಲ್ಲಿ ತಿರುಗಿಸಿ ಹೇಳಿದರೆ ಅದು ಒಂದೇ. ಮೌಲ್ಯಮಾಪಕರ ಕೈಯಲ್ಲಿ ಅಂಶವಾರು ಅಂಕ ಹಂಚಿದ ಪಟ್ಟಿ ಇರುತ್ತದೆ. ನಿಮ್ಮ ಅಂಶಗಳು ಬಿಡಿಬಿಡಿಯಾಗಿ ಕಂಡರೆ ಅವರಿಗೂ ಸಲೀಸು, ನಿಮಗೂ ಲಾಭ. ಕನ್ನಡದಲ್ಲಿ ನಿಮ್ಮ ಅಭಿಪ್ರಾಯ ಏನು ಎಂದು ಕೇಳಿದರೆ ಹೆದರಬೇಡಿ. ಕರ್ಣ ಮಾಡಿದ್ದು ತಪ್ಪು ಎಂದು ಬರೆದರೂ ಅಂಕ ಹೋಗುವುದಿಲ್ಲ. ಏಕೆ ತಪ್ಪು ಎಂಬುದಕ್ಕೆ ಪದ್ಯದಿಂದ ಒಂದು ಆಧಾರ ಕೊಡದಿದ್ದರೆ ಹೋಗುತ್ತದೆ.

ಸಿದ್ಧ ಉತ್ತರಗಳು ಗೈಡಿನಲ್ಲೂ ಇವೆ, ಮೊಬೈಲಿನಲ್ಲೂ ಇವೆ. ಅವನ್ನು ನೋಡಲೇಬಾರದು ಎಂದು ನಾನು ಹೇಳುವವನಲ್ಲ. ಆದರೆ ಕ್ರಮ ತಲೆಕೆಳಗಾಗಬಾರದು. ಮೊದಲು ಪಾಠ ಓದಿ, ಪುಸ್ತಕ ಮುಚ್ಚಿ, ನಿಮ್ಮ ಮಾತಿನಲ್ಲಿ ಉತ್ತರ ಬರೆಯಿರಿ. ಆಮೇಲೆ ಪುಸ್ತಕ ತೆರೆದು ತಪ್ಪಿದ್ದೇನು, ಬಿಟ್ಟಿದ್ದೇನು ಎಂದು ಬೇರೆ ಬಣ್ಣದ ಪೆನ್ನಿನಲ್ಲಿ ತಿದ್ದಿ. ಸಿದ್ಧ ಉತ್ತರದ ಸರದಿ ಅದಾದ ಮೇಲೆ. ಹೀಗೆ ಮಾಡಿದಾಗ ಆ ಸಿದ್ಧ ಉತ್ತರದಲ್ಲಿಯೇ ಗಿಡಕ್ಕೆ ಆಸೆ ಹಚ್ಚಿದ ಸಾಲು ಸಿಕ್ಕಿದರೆ ನಿಮಗೆ ನಗು ಬರುತ್ತದೆ. ನಗು ಬಂದರೆ ನೀವು ತಯಾರಾಗಿದ್ದೀರಿ ಎಂದೇ ಅರ್ಥ.

ತಂದೆತಾಯಂದಿರಿಗೆ ಒಂದು ಬಿನ್ನಹ. ಮಗು ಓದಿದ್ದನ್ನು ಒಪ್ಪಿಸುವಾಗ ಪುಸ್ತಕ ಕೈಯಲ್ಲಿ ಹಿಡಿದು ಅಕ್ಷರ ತಪ್ಪಿತೇ ಎಂದು ನೋಡುತ್ತೇವಲ್ಲ, ಅದನ್ನು ಬಿಡೋಣ. ಎರಡೇ ಪ್ರಶ್ನೆ ಸಾಕು. ವಿಜ್ಞಾನವಾದರೆ, ಅದು ಹೇಗೆ ಆಗುತ್ತದೆ ಹೇಳು ಎನ್ನಿ. ಕನ್ನಡವಾದರೆ, ಅದು ಪಾಠದಲ್ಲಿ ಎಲ್ಲಿದೆ ತೋರಿಸು ಎನ್ನಿ. ಇದಕ್ಕೆ ನಿಮಗೆ ಆ ವಿಷಯ ಗೊತ್ತಿರಬೇಕಾಗಿಲ್ಲ. ಮಗು ತಡವರಿಸಿದರೆ ನಿಮಗೇ ತಿಳಿಯುತ್ತದೆ, ಅದಕ್ಕೂ ತಿಳಿಯುತ್ತದೆ. ಶಿಕ್ಷಕ ಮಿತ್ರರಲ್ಲಿ ಕೇಳುವುದೂ ಇಷ್ಟೇ: ಗೈಡಿನ ನುಣುಪು ವಾಕ್ಯಕ್ಕಿಂತ, ಮಗು ತನ್ನ ಒರಟು ಕನ್ನಡದಲ್ಲಿ ಸರಿಯಾಗಿ ಕಟ್ಟಿದ ಕಾರಣಕ್ಕೆ ತರಗತಿಯ ಕಿರುಪರೀಕ್ಷೆಯಲ್ಲಿ ಅರ್ಧ ಅಂಕ ಹೆಚ್ಚೇ ಕೊಡಿ. ಆ ಅರ್ಧ ಅಂಕದ ಆಸೆಗೆ ಮುಂದಿನ ವಾರ ಇನ್ನೂ ನಾಲ್ಕು ಮಕ್ಕಳು ಸ್ವಂತ ವಾಕ್ಯ ಬರೆಯುತ್ತಾರೆ.